ಮದುವೆಗೆ ವಾಟ್ಸಾಪ್‌ನಲ್ಲಿ ಕರೆದರೆ ಸಾಲದಾ? ಹಿರಿಯರನ್ನು ಒಪ್ಪಿಸೋದು ಹೇಗೆ?

ಒಪ್ಪಿಸೋಕೆ ಹೋಗಬೇಡಿ. "ಮನೆಮನೆಗೆ ಹೋಗೋ ಶಾಸ್ತ್ರಕ್ಕೆಲ್ಲ ರಜೆ ಇಲ್ಲ, ಪಿಡಿಎಫ್ ಕಳಿಸಿದರೆ ಆಯ್ತಲ್ಲ" ಅಂತ ಬರೆದಿದ್ದೀರಿ. 2018ರಲ್ಲಿ ನನ್ನ ಮದುವೆ ಹೊತ್ತಿಗೆ ನಾನೂ ಅಮ್ಮನಿಗೆ ಇದೇ ಮಾತು ಹೇಳಿದ್ದೆ.

ನಮ್ಮ ದೊಡ್ಡಪ್ಪ ಇರೋದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ಅಪ್ಪನಿಗೆ ಮಂಡಿ ನೋವು, "ನೀನೇ ಹೋಗಿ ಕರೆದು ಬಾ" ಅಂದರು. ನಾನು ದೊಡ್ಡಪ್ಪನ ಮಗನಿಗೆ ಪತ್ರಿಕೆ ಕಳಿಸಿ, "ದೊಡ್ಡಪ್ಪನಿಗೂ ಹೇಳ್ಬಿಡು" ಅಂದೆ. ಮದುವೆಗೆ ಅಣ್ಣ ಬಂದ, ದೊಡ್ಡಪ್ಪ ಬರಲಿಲ್ಲ. ಧಾರೆ ಹೊತ್ತಲ್ಲೂ ಅಪ್ಪ ಛತ್ರದ ಬಾಗಿಲನ್ನೇ ನೋಡ್ತಿದ್ದರು.

ತಪ್ಪಾದದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಯಾಕೆಂದರೆ ಎಲ್ಲರೂ ಸುಮ್ನೆ ವಾಟ್ಸಾಪ್ ಮೇಲೆ ಹಾಕ್ತಾರೆ. ದೊಡ್ಡಪ್ಪನಿಗೆ ಹೇಳಬೇಕಾದ್ದನ್ನು ಇನ್ನೊಬ್ಬರ ಕೈಲಿ ಹೇಳಿಸಿದ್ದೇ ತಪ್ಪು. ನಮ್ಮ ಕಡೆ ಮೊದಲು ಮನೆಯ ಹಿರಿಯರನ್ನು ಕರೀಬೇಕು, ಆಮೇಲೆ ಉಳಿದವರನ್ನು. ನಾನು ಉಲ್ಟಾ ಮಾಡಿದೆ. ಮಗನನ್ನು ಕರೆದೆ, ಅಪ್ಪನಿಗೆ ಬರೀ ಸುದ್ದಿ ಮುಟ್ಟಿಸಿದೆ. ಸುದ್ದಿ ಕೇಳಿಕೊಂಡು ಯಾರಾದರೂ ಮದುವೆಗೆ ಹೋಗ್ತಾರಾ? ಅದೂ ಒಡಹುಟ್ಟಿದ ತಮ್ಮನ ಮನೆ ಮದುವೆಗೆ? ದೂರದ ನೆಂಟರಾಗಿದ್ದರೆ ಬಂದು ಉಂಡು ಹೋಗ್ತಿದ್ದರೋ ಏನೋ. ಹತ್ತಿರದವರಿಗೇ ಇದು ಜಾಸ್ತಿ ನೋಯುತ್ತೆ. ಆಮೇಲೆ ಹೆಂಡತಿ ಜೊತೆ ಹೋಗಿ ಕಾಲಿಗೆ ಬಿದ್ದೆವು. ಚೆನ್ನಾಗೇ ಮಾತಾಡಿಸಿದರು. ಆದರೆ ಈಗಲೂ ನಮ್ಮ ಮನೆಗೆ ಬಂದರೆ "ಊಟ ಆಯ್ತಪ್ಪ, ಕಾಫಿ ಸಾಕು" ಅಂತಾರೆ. ಮೊದಲೆಲ್ಲ ನೇರ ಅಡುಗೆಮನೆಗೇ ಬಂದು "ಏನಮ್ಮ ಸಾರು ಇವತ್ತು?" ಅಂತ ಕೇಳ್ತಿದ್ದವರು.

ತಂಗಿ ಮದುವೆ ಕರೆಯೋಕೆ ಅಮ್ಮನ ಜೊತೆ ನಾನೂ ಹೋದೆ. ಅಮ್ಮ ಮೊದಲು ಮನೆಯ ಹೆಂಗಸರಿಗೆ ಕುಂಕುಮ ಕೊಡ್ತಾರೆ. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿರಿಯರ ಕೈಗೇ ಕೊಡ್ತಾರೆ. "ಬನ್ನಿ" ಅಂತ ಒಂದು ಮಾತಲ್ಲಿ ಮುಗಿಸಲ್ಲ. "ಚಪ್ಪರದ ದಿನವೇ ಬರ್ಬೇಕು, ನೀವೇ ನಿಂತು ನಡೆಸಿಕೊಡ್ಬೇಕು" ಅಂತಾರೆ. ಒಂದು ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಅಮ್ಮ ಒಳಗೆ ಹೋಗಿ, ಮಂಚದ ಪಕ್ಕ ಕೂತು, ಅವರಿಗೂ ಕುಂಕುಮ ಇಟ್ಟು ಕರೆದರು. ಅಜ್ಜಿ ಬರೋಕಾಗಲ್ಲ ಅಂತ ಇಬ್ಬರಿಗೂ ಗೊತ್ತು. ಆದರೂ ಅಜ್ಜಿ "ಯಾವ ಛತ್ರ? ಹುಡುಗನ ಊರು ಯಾವುದು?" ಅಂತ ಎಲ್ಲ ವಿಚಾರಿಸಿದರು. ಇದನ್ನು ಬರೀ ಶಾಸ್ತ್ರ ಅಂದರೆ ನಾನು ಒಪ್ಪಲ್ಲ.

ರಜೆ ಇಲ್ಲ ಅಂದ್ರಲ್ಲ, ಒಂದೆರಡು ಭಾನುವಾರ ತೆಗೆದಿಡಿ. ಅಪ್ಪನ ಅಣ್ಣತಮ್ಮಂದಿರು, ಸೋದರತ್ತೆ, ಸೋದರಮಾವ, ಇವರ ಮನೆಗಳಿಗಂತೂ ಹೋಗಲೇಬೇಕು. ಆಫೀಸಿನವರಿಗೆ, ಸ್ನೇಹಿತರಿಗೆ ವಾಟ್ಸಾಪ್ ಸಾಕು, ಯಾರೂ ಬೇಜಾರು ಮಾಡಿಕೊಳ್ಳಲ್ಲ. ತೀರಾ ದೂರದ ಹಿರಿಯರಿಗೆ ಫೋನ್ ಮಾಡಿ. ಮಗ ಎತ್ತಿದರೆ "ಅಪ್ಪನ ಕೈಗೆ ಕೊಡು" ಅನ್ನಿ. ಪಿಡಿಎಫ್ ಆಮೇಲೆ ಕಳಿಸಿ, ಛತ್ರದ ವಿಳಾಸಕ್ಕೆ ಬೇಕಾಗುತ್ತೆ.