ಫೈರ್‌ವಾಲ್‌ನಲ್ಲಿ 111 ಮತ್ತು 2049 ಪೋರ್ಟ್ ತೆರೆದರೂ ಎನ್‌ಎಫ್‌ಎಸ್ (ಇನ್ನೊಂದು ಯಂತ್ರದ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ಮೌಂಟ್ ಆಗದೆ ನಿಂತುಬಿಡುತ್ತದೆ, ಯಾಕೆ?

ನೀವು ಬಳಸುತ್ತಿರುವುದು ಎನ್‌ಎಫ್‌ಎಸ್ ಆವೃತ್ತಿ 3 ಆಗಿದ್ದರೆ ಆ ಎರಡು ಪೋರ್ಟ್ ಸಾಲುವುದಿಲ್ಲ. ಕ್ಲೈಂಟ್ ಮೊದಲು 111ರಲ್ಲಿರುವ ಪೋರ್ಟ್‌ಮ್ಯಾಪರ್‌ಗೆ (ಯಾವ ಸೇವೆ ಯಾವ ಪೋರ್ಟ್‌ನಲ್ಲಿದೆ ಎಂದು ಹೇಳುವ ಸೇವೆ) «ಮೌಂಟ್‌ಡಿ ಎಲ್ಲಿದೆ?» ಎಂದು ಕೇಳುತ್ತದೆ. ಮೌಂಟ್‌ಡಿ ಎಂದರೆ ಮೌಂಟ್ ಕೋರಿಕೆಗಳಿಗೆ ಉತ್ತರಿಸುವ ಸೇವೆ. ಉತ್ತರವಾಗಿ ಬರುವ ಪೋರ್ಟ್ ಸಂಖ್ಯೆ ಎಷ್ಟೋ ಸರ್ವರ್‌ಗಳಲ್ಲಿ ಪ್ರತಿ ರೀಸ್ಟಾರ್ಟ್‌ಗೂ ಬದಲಾಗುತ್ತದೆ. ಫೈರ್‌ವಾಲ್ ಆ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಡುವುದರಿಂದ ಎರರ್ ಕೂಡ ಬರದೆ ಕಮಾಂಡ್ ನೇತಾಡುತ್ತದೆ.

ಆಗುವುದಾದರೆ ಆವೃತ್ತಿ 4ಕ್ಕೆ ಹೋಗಿ, ಅದೇ ಸರಿಯಾದ ದಾರಿ. ಅದಕ್ಕೆ ಟಿಸಿಪಿ 2049 ಒಂದೇ ಸಾಕು, ಲಾಕಿಂಗ್ (ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ಬದಲಿಸದಂತೆ ತಡೆಯುವುದು) ಕೂಡ ಅದರಲ್ಲೇ ನಡೆಯುತ್ತದೆ. ಮೌಂಟ್ ಆಯ್ಕೆಯಲ್ಲಿ ಆವೃತ್ತಿ 4.2 ಎಂದು ಸ್ಪಷ್ಟವಾಗಿ ಕೊಡಿ. ಆಗ ಸರ್ವರ್ ಹಂಚಿರುವ ಫೋಲ್ಡರ್‌ಗಳ ಪಟ್ಟಿ ತೋರಿಸುವ ಶೋಮೌಂಟ್ ಕಮಾಂಡ್ ಕೆಲಸ ಮಾಡದಿದ್ದರೆ ಗಾಬರಿಯಾಗಬೇಡಿ, ಅದು ಮೌಂಟ್‌ಡಿಯನ್ನೇ ಕೇಳುವ ಹಳೆಯ ಸಾಧನ. ನಿಜವಾದ ಮೌಂಟ್ ಮಾಡಿಯೇ ಪರೀಕ್ಷಿಸಿ.

3ನ್ನೇ ಬಳಸಬೇಕಾದರೆ ಲಿನಕ್ಸ್ ಸರ್ವರ್‌ನ ಇಟಿಸಿ ಫೋಲ್ಡರಿನಲ್ಲಿರುವ ಎನ್‌ಎಫ್‌ಎಸ್ ಕಾನ್ಫ್ ಫೈಲಿನಲ್ಲಿ ಮೌಂಟ್‌ಡಿಗೆ 20048 ಕೊಟ್ಟು, ಸ್ಟ್ಯಾಟ್‌ಡಿ ಮತ್ತು ಲಾಕ್‌ಡಿಗೂ (ಲಾಕಿಂಗ್ ನೋಡಿಕೊಳ್ಳುವ ಎರಡು ಸೇವೆಗಳು) ಖಾಲಿ ಇರುವ ಪೋರ್ಟ್‌ಗಳನ್ನು ಗೊತ್ತುಮಾಡಿ. ಲಾಕ್‌ಡಿಗೆ ಟಿಸಿಪಿ, ಯುಡಿಪಿ ಪೋರ್ಟ್ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಇದನ್ನು ಮರೆತರೆ ಮೌಂಟ್ ಆಗುತ್ತದೆ, ಫೈಲ್ ಓದಲೂ ಬರುತ್ತದೆ, ಆದರೆ ಲಾಕ್ ಕೇಳುವ ಪ್ರೋಗ್ರಾಂ ಮಾತ್ರ ಸ್ತಬ್ಧವಾಗುತ್ತದೆ. ಕಾರಣ ಹುಡುಕಲು ದಿನಗಟ್ಟಲೆ ಹಿಡಿಯಬಹುದು. ಲಾಕ್‌ಡಿ ಕರ್ನಲ್‌ನೊಳಗೆ ಇರುವುದರಿಂದ ಸರ್ವರನ್ನೇ ರೀಬೂಟ್ ಮಾಡುವುದು ಸುರಕ್ಷಿತ. ನಂತರ ಆರ್‌ಪಿಸಿಇನ್ಫೋ ಕಮಾಂಡಿಗೆ ಮೈನಸ್ ಪಿ ಕೊಟ್ಟು ಈ ಸೇವೆಗಳ ಪೋರ್ಟ್ ಸಂಖ್ಯೆಗಳನ್ನು ನೋಡಿ, ಅವನ್ನೂ 111, 2049ನ್ನೂ ನಿಮ್ಮ ಕ್ಲೈಂಟ್‌ಗಳ ಸಬ್‌ನೆಟ್‌ಗೆ ಮಾತ್ರ ತೆರೆಯಿರಿ. 111ನ್ನು ಇಂಟರ್ನೆಟ್‌ಗೆ ಎಂದೂ ತೆರೆದಿಡಬೇಡಿ.