ಹೌಸ್‌ಕೀಪಿಂಗ್‌ಗೂ ಎಂಎಸ್‌ಟಿಗೂ ಏನು ವ್ಯತ್ಯಾಸ?

ನಿಮ್ಮ ತಮ್ಮನಿಗೆ ಬೆಂಗಳೂರಲ್ಲಿ ಮೂರು ಕಡೆಯಿಂದ ಕೆಲಸದ ಕರೆ ಬಂದಿದೆ ಅಂದಿದ್ದೀರಿ. ಒಂದು ಹೌಸ್‌ಕೀಪಿಂಗ್, ಒಂದು ಫೆಸಿಲಿಟಿ ಅಟೆಂಡೆಂಟ್, ಇನ್ನೊಂದು ಎಂಎಸ್‌ಟಿ, ಅಂದರೆ ರಿಪೇರಿ, ನಿರ್ವಹಣೆ ನೋಡೋ ಟೆಕ್ನೀಷಿಯನ್ ಕೆಲಸ. ಎಲ್ಲಾ ಒಂದೇನಾ ಅಂತ ಕೇಳಿದ್ದೀರಿ. ಮೊದಲ ಎರಡು ಹೆಚ್ಚು ಕಡಿಮೆ ಒಂದೇ, ಮೂರನೆಯದು ಬೇರೆ. ನಾನು ವೈಟ್‌ಫೀಲ್ಡ್ ಕಡೆಯ ಟೆಕ್ ಪಾರ್ಕಿನಲ್ಲಿ ಮಾಪ್ ಹಿಡಿದು ಶುರು ಮಾಡಿದವನು, ಈಗ ಸೂಪರ್‌ವೈಸರ್.

ಹೌಸ್‌ಕೀಪಿಂಗ್ ಅಂದರೆ ನೆಲ, ಗಾಜು, ಕಸ, ವಾಶ್‌ರೂಮ್. ಗಂಟೆಗೊಮ್ಮೆ ವಾಶ್‌ರೂಮ್ ನೋಡಿ ಬಾಗಿಲ ಹಿಂದಿನ ಚಾರ್ಟಿಗೆ ಸಹಿ ಹಾಕಬೇಕು. ಇದನ್ನು ಸುಮ್ನೆ ಗುಡಿಸೋ ಕೆಲಸ ಅಂದುಕೊಳ್ಳಬೇಡಿ. ಟಾಯ್ಲೆಟ್ಟಿನ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಗಾಳಿ ಏಳುತ್ತದೆ, ಉಸಿರು ಕಟ್ಟುತ್ತದೆ. ಯಾವ ಕ್ಯಾನಿನಲ್ಲಿ ಏನಿದೆ ಅಂತ ಮೊದಲ ವಾರವೇ ಕಲಿಯಬೇಕು. ಫೆಸಿಲಿಟಿ ಅಟೆಂಡೆಂಟ್ ಅನ್ನೋದು ಬಹಳ ಕಡೆ ಇದೇ ಕೆಲಸಕ್ಕೆ ಇಟ್ಟ ಹೊಸ ಹೆಸರು. ಕೆಲವು ಕಡೆ ಟೀ, ಕಾಫಿಯ ಪ್ಯಾಂಟ್ರಿ ಕೆಲಸವೂ ಸೇರುತ್ತದೆ.

ಎಂಎಸ್‌ಟಿ ಅಂದರೆ ಮಲ್ಟಿ ಸ್ಕಿಲ್ಡ್ ಟೆಕ್ನೀಷಿಯನ್. ನಲ್ಲಿಯ ವಾಷರ್, ಡೋರ್ ಕ್ಲೋಸರ್, ಟ್ಯೂಬ್‌ಲೈಟ್, ಪಂಪು, ಜನರೇಟರ್ ರೀಡಿಂಗ್, ಲಾಗ್ ಬುಕ್. ಸಾಮಾನ್ಯವಾಗಿ ಐಟಿಐ ಕೇಳುತ್ತಾರೆ. ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷ, ಪ್ಲಂಬರ್ 1 ವರ್ಷ. ತಮ್ಮ ಐಟಿಐ ಮಾಡಿದ್ದರೆ ಕಣ್ಣು ಮುಚ್ಚಿ ಇದಕ್ಕೇ ಕಳಿಸಿ. ನೈಟ್ ಶಿಫ್ಟ್ ಇರುತ್ತೆ ನಿಜ, ಆದರೆ ಕೈಗೆ ಒಂದು ಕಸುಬು ಬರುತ್ತೆ.

ಈಗ ಮುಖ್ಯ ವಿಷಯ. ಸೇರಿದ ಎರಡನೇ ವರ್ಷ ನನಗೆ ‘ಟೆಕ್ನಿಕಲ್ ಅಸಿಸ್ಟೆಂಟ್’ ಅಂತ ಐಡಿ ಕಾರ್ಡ್ ಕೊಟ್ಟರು. ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಪಂಪು, ಲೈಟು, ಎಲ್ಲಾ ನನ್ನ ಕೈಲೇ ಮಾಡಿಸಿದರು. ಸಂಬಳದ ಸ್ಲಿಪ್ಪಿನಲ್ಲಿ ಮಾತ್ರ ‘ಅನ್‌ಸ್ಕಿಲ್ಡ್’ ಅಂತಲೇ ಇತ್ತು. ಅದನ್ನು ಗಮನಿಸೋ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಸರ್ಕಾರದ ಕನಿಷ್ಠ ವೇತನ ಅನ್‌ಸ್ಕಿಲ್ಡ್, ಸೆಮಿ ಸ್ಕಿಲ್ಡ್, ಸ್ಕಿಲ್ಡ್ ಅಂತ ದರ್ಜೆ ನೋಡಿ ನಿಗದಿಯಾಗುತ್ತೆ, ಕಾರ್ಡಿನ ಮೇಲಿನ ಹೆಸರು ನೋಡಿ ಅಲ್ಲ. ಹಾಗಾಗಿ ಸೇರೋ ಮುಂಚೆ ಯಾವ ದರ್ಜೆ ಅಂತ ಬರಹದಲ್ಲಿ ಕೇಳಿ. ಪಿಎಫ್‌ನ ಯುಎಎನ್ ನಂಬರ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್), ತಿಂಗಳ ಸಂಬಳ 21,000ದ ಒಳಗಿದ್ದರೆ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ನಂಬರ್, ಎರಡೂ ಕೇಳಿ ಪಡೆಯಲಿ. ಇಎಸ್‌ಐಗೆ ಅವನ ಸಂಬಳದಿಂದ ಹಿಡಿಯಬೇಕಾದ್ದು ಶೇ. 0.75 ಮಾತ್ರ. ಯೂನಿಫಾರ್ಮಿಗೆ ದುಡ್ಡು ಹಿಡೀತಾರಾ ಅಂತಲೂ ಮೊದಲೇ ಕೇಳಲಿ.

ಇನ್ನೊಂದು ಮಾತು, ದಯವಿಟ್ಟು ಅವನಿಗೆ ಹೇಳಿ. ದೊಡ್ಡ ಕಟ್ಟಡಗಳಲ್ಲಿ ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಇರುತ್ತೆ. ಅದರ ಮೋಟಾರ್ ನೋಡಿಕೊಳ್ಳೋಕೆ ಆಪರೇಟರ್ ಬೇರೆ ಇರ್ತಾರೆ. ‘ಐದೇ ನಿಮಿಷ, ಒಳಗಿಳಿದು ಸ್ವಲ್ಪ ಕಸ ತೆಗಿ’ ಅಂತ ಯಾರೇ ಹೇಳಿದರೂ ಇಳಿಯಬಾರದು. ಒಳಗಿನ ವಿಷದ ಗಾಳಿಗೆ ವಾಸನೆಯೂ ಗೊತ್ತಾಗದೆ ಪ್ರಜ್ಞೆ ತಪ್ಪಬಹುದು. ರಕ್ಷಣೆ ಇಲ್ಲದೆ ಜನರನ್ನು ಹಾಗೆ ಇಳಿಸೋದು, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನಲ್ಲಿ ಅಪರಾಧ. ಅವನು ಯಾವ ಹೆಸರಿನ ಕೆಲಸಕ್ಕೆ ಸೇರಿದರೂ ಇದು ಅವನ ಕೆಲಸ ಅಲ್ಲ.

ಅವನು ಏನು ಓದಿದ್ದಾನೆ ಅಂತ ನೀವು ಬರೆದಿಲ್ಲ. ತಿಳಿಸಿ, ಮೂರರಲ್ಲಿ ಯಾವುದು ಸರಿ ಅಂತ ಇನ್ನೂ ಖಚಿತವಾಗಿ ಹೇಳ್ತೀನಿ.