ಇರಾಡಿಕೇಟ್ ಅನ್ನುವ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?

ನಿಮ್ಮ ಪ್ರಶ್ನೆ ಓದಿ ನನಗೂ ಸ್ವಲ್ಪ ನಗು ಬಂತು, ಬೇಜಾರು ಮಾಡ್ಕೋಬೇಡಿ. ಆಫೀಸಿನ ಪಟ್ಟಿಯಿಂದ ಹೆಸರು ತೆಗೆಸಲು ‘ಪ್ಲೀಸ್ ಇರಾಡಿಕೇಟ್ ಮೈ ನೇಮ್’ ಅಂತ ಮೇಲ್ ಹಾಕಿದಿರಿ, ಮ್ಯಾನೇಜರ್ ನಕ್ಕರು. ‘ನಿಘಂಟಿನಲ್ಲಿ ಪೂರ್ತಿ ತೆಗೆದುಹಾಕು ಅಂತಲೇ ಇದೆಯಲ್ಲ, ತಪ್ಪೇನು?’ ಅಂತ ಕೇಳಿದ್ದೀರಿ. ನಿಘಂಟು ಹೇಳಿದ್ದು ಸರಿ. ಆದರೆ ಏನನ್ನು ತೆಗೆಯುವಾಗ ಈ ಪದ ಬರುತ್ತದೆ ಅನ್ನುವುದು ಅಲ್ಲಿ ಸಿಗುವುದಿಲ್ಲ.

ಲ್ಯಾಟಿನ್ನಿನಲ್ಲಿ ರಾಡಿಕ್ಸ್ ಅಂದರೆ ಬೇರು. ರ‍್ಯಾಡಿಶ್, ರ‍್ಯಾಡಿಕಲ್ ಎರಡೂ ಅದೇ ಬೇರಿನಿಂದ ಬಂದವು. ಹಾಗಾಗಿ ಇರಾಡಿಕೇಟ್ ಅಂದರೆ ಬೇರು ಸಮೇತ ಕಿತ್ತು ಹಾಕುವುದು. ನಮ್ಮ ‘ನಿರ್ಮೂಲನೆ’ ಕೂಡ ಅದನ್ನೇ ಹೇಳುತ್ತದೆ, ಮೂಲ ಅಂದರೂ ಬೇರೇ ಅಲ್ವಾ? ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಹುಲ್ಲು ಸಲೀಸಾಗಿ ಕೈಗೆ ಬರುತ್ತದೆ, ಮಣ್ಣೊಳಗೆ ಒಂದು ಗೆಣ್ಣು ಉಳಿದರೂ ಸಾಕು, ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಕೆಟ್ಟದ್ದು, ಹರಡಿಕೊಂಡಿರುವುದು, ಸ್ವಲ್ಪ ಬಿಟ್ಟರೂ ಮತ್ತೆ ತಲೆ ಎತ್ತುವುದು: ಇಂಥದ್ದಕ್ಕೇ ಈ ಪದ. ರೋಗ, ಕಳೆ, ಬಡತನ, ಭ್ರಷ್ಟಾಚಾರ. ಪಟ್ಟಿಯಲ್ಲಿರುವ ನಿಮ್ಮ ಹೆಸರು ಪಾಪ ಯಾರಿಗೂ ಅಂಟುವುದಿಲ್ಲ! ಅದಕ್ಕೆ ಸುಮ್ನೆ ‘ರಿಮೂವ್’ ಅಂದರೆ ಆಯಿತು.

ಕಂಪ್ಯೂಟರಿನ ಫೈಲಿಗೆ ‘ಡಿಲೀಟ್’ ಇದೆ. ದಾಖಲೆಯಲ್ಲಿ ಬರೆದದ್ದನ್ನು ಅಧಿಕೃತವಾಗಿ ತೆಗೆಸುವುದಾದರೆ ‘ಎಕ್ಸ್‌ಪಂಜ್’ ಅನ್ನುತ್ತಾರೆ. ವಿಧಾನಸಭೆಯಲ್ಲಿ ಗಲಾಟೆ ಆದಾಗ ಸ್ಪೀಕರ್ ‘ಕಡತದಿಂದ ತೆಗೆಯಿರಿ’ ಅನ್ನುತ್ತಾರಲ್ಲ, ಅದೇ ಇದು. ಲೋಕಸಭೆಯಲ್ಲಿ ಈ ಅಧಿಕಾರ ಇರುವುದು ನಿಯಮ 380ರಲ್ಲಿ. ತಮಾಷೆ ಏನೆಂದರೆ ಅಲ್ಲಿ ತೆಗೆದದ್ದರ ಗುರುತು ಉಳಿಯುತ್ತದೆ. ಅಚ್ಚಾದ ನಡಾವಳಿಯಲ್ಲಿ ಆ ಮಾತಿನ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿ, ಪೀಠದ ಆದೇಶದಂತೆ ತೆಗೆಯಲಾಗಿದೆ ಅಂತ ಕೆಳಗೆ ಟಿಪ್ಪಣಿ ಕೊಡುತ್ತಾರೆ. ಅದನ್ನು ನೋಡಿದವರಿಗೆ ಇಲ್ಲಿ ಏನೋ ಅಂದಿದ್ದಾರೆ ಅನ್ನುವ ಕುತೂಹಲ ಇನ್ನೂ ಜಾಸ್ತಿ ಆಗುತ್ತದೆ, ಅದು ಬೇರೆ ಮಾತು.

ಈ ಪದ ನಿಜವಾಗಿ ತೂಕದಿಂದ ಬಳಕೆಯಾಗುವುದು ರೋಗಗಳ ವಿಷಯದಲ್ಲಿ. ಪತ್ರಿಕೆಗಳಲ್ಲಿ ಇರಾಡಿಕೇಟ್, ಎಲಿಮಿನೇಟ್ ಎರಡಕ್ಕೂ ನಿರ್ಮೂಲನೆ ಅಂತಲೇ ಬರೆದುಬಿಡುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಒಂದು ದೇಶದಲ್ಲೋ ಪ್ರದೇಶದಲ್ಲೋ ರೋಗ ಹರಡುವುದು ನಿಂತರೆ ಅದು ಎಲಿಮಿನೇಟ್. ಇಡೀ ಜಗತ್ತಿನಲ್ಲಿ ಒಬ್ಬರಿಗೂ ಬರದ ಹಾಗೆ ಶಾಶ್ವತವಾಗಿ ನಿಂತರೆ ಮಾತ್ರ ಇರಾಡಿಕೇಟ್. ಈ ಎರಡನೆಯ ಪಟ್ಟಿಯಲ್ಲಿ ಈವರೆಗೆ ಇರುವುದು ಎರಡೇ ರೋಗ. ಮನುಷ್ಯರ ಸಿಡುಬು, ದನಗಳ ದೊಡ್ಡರೋಗ (ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್). ಸಿಡುಬು ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಸಿಕ್ಕಿತು, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಹೋಯಿತು ಅಂತ ಘೋಷಿಸಿತು. ದೊಡ್ಡರೋಗದ ಘೋಷಣೆ ಬಂದದ್ದು 2011ರಲ್ಲಿ.

ಹಾಗಾದರೆ ಪೋಲಿಯೊ? ಭಾರತದಲ್ಲಿ ವೈಲ್ಡ್ ಪೋಲಿಯೊದ, ಅಂದರೆ ಸಹಜವಾಗಿ ಹರಡುವ ಪೋಲಿಯೊದ, ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ನಮಗೆ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಅಷ್ಟಾದರೂ ಅದು ಎಲಿಮಿನೇಟ್ ಆಗಿದೆ ಅಷ್ಟೇ, ಏಕೆಂದರೆ ಪಾಕಿಸ್ತಾನ, ಅಫ್ಗಾನಿಸ್ತಾನಗಳಲ್ಲಿ ಅದು ಆಮೇಲೂ ಹರಡುತ್ತಲೇ ಇತ್ತು, ಅಲ್ಲಿಂದ ಇಲ್ಲಿಗೆ ಬರುವುದಕ್ಕೆ ವೈರಸ್ಸಿಗೆ ವೀಸಾ ಬೇಕಾಗಿಲ್ಲ. ಈ ವ್ಯತ್ಯಾಸ ಪುಸ್ತಕದ್ದು ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಅಜ್ಜಿಯ ತೋಳಿನ ಮೇಲೆ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿಸಿದ ಗುಂಡನೆಯ ಕಲೆ ಇರಬಹುದು, ನೋಡಿ. ಇವತ್ತು ಹುಟ್ಟುವ ಮಗುವಿಗೆ ಸಿಡುಬಿನ ಲಸಿಕೆ ಹಾಕುವುದಿಲ್ಲ, ಪೋಲಿಯೊ ಹನಿ ಮಾತ್ರ ಇನ್ನೂ ಹಾಕುತ್ತಾರೆ.

ಇನ್ನೂ ಒಂದು ಸೂಕ್ಷ್ಮ ಇದೆ. ಸಿಡುಬಿನ ವೈರಸ್ ಈಗಲೂ ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೋಲ್ಟ್ಸೊವೊದ ಎರಡು ಪ್ರಯೋಗಾಲಯಗಳ ಫ್ರೀಜರಿನಲ್ಲಿದೆ. ಅದೂ ಹೋದರೆ ‘ಎಕ್ಸ್‌ಟಿಂಕ್ಟ್’ ಅನ್ನಬೇಕು. ಅದಕ್ಕೇ ‘ಪೂರ್ತಿ’ ಅನ್ನುವ ಅರ್ಥದ ಮೇಲೆ ಜಾಸ್ತಿ ಒತ್ತು ಕೊಡಬೇಡಿ, ‘ಮತ್ತೆ ತಾನಾಗಿ ಹರಡದ ಹಾಗೆ’ ಅಂತ ಇಟ್ಟುಕೊಂಡರೆ ಬಳಕೆಗೆ ಹತ್ತಿರ ಆಗುತ್ತದೆ.

ಬರೆಯುವಾಗ ಎರಡು ಗಮನದಲ್ಲಿರಲಿ. ‘ಕಂಪ್ಲೀಟ್ಲಿ ಇರಾಡಿಕೇಟ್’ ಅಂತ ದೊಡ್ಡ ಪತ್ರಿಕೆಗಳೂ ಬರೆಯುತ್ತವೆ, ನನಗಂತೂ ಅದು ಸಕ್ಕರೆ ಹಾಕಿದ ಮೇಲೆ ಬೆಲ್ಲ ಸುರಿದ ಹಾಗೆ ಕಾಣುತ್ತದೆ. ಜನರ ಬಗ್ಗೆಯಂತೂ ಈ ಪದ ಬೇಡವೇ ಬೇಡ. ಕೊಳೆಗೇರಿಯ ಬಡತನವನ್ನು ಇರಾಡಿಕೇಟ್ ಮಾಡುತ್ತೇವೆ ಅಂದರೆ ಸರಿ, ಕೊಳೆಗೇರಿಯವರನ್ನು ಅಂದರೆ ಕೊಲೆ ಮಾಡುವ ಮಾತಾಗುತ್ತದೆ.